ಬೇವಿನೆಣ್ಣೆಗೂ ಗ್ಲೌಸು

"ಬಿಚ್ಚೇ ಅದನ್ನ. ಮುಂಡೇದೆ, ನಿನ್ನನ್ನೇನು ಆಪರೇಷನ್ ಮಾಡಕ್ಕೆ ಕರ್ಸಿದೀನಾ?"

ನಮ್ಮ ಓನರ್ ಚಿದಾನಂದ್ ಹೀಗೆ ಬೈದದ್ದು ಪುಟ್ಟಮಾದಮ್ಮನಿಗೆ. ಕೈಗೆ ಗುಲಾಬಿ ಬಣ್ಣದ ರಬ್ಬರ್ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಕೂತದ್ದು ಅವಳ ತಪ್ಪು. ಬೆಳಿಗ್ಗೆ ಅವಳು ಪಾತ್ರೆ ತೊಳೆಯುವ ಮನೆಯವರು ಕೊಟ್ಟಿದ್ದರಂತೆ.

"ಕೈಯೆಲ್ಲ ಬಿರ್ದೋಗದೆ ಸಾರ್."

"ಬೇವಿನೆಣ್ಣೆ ಕಣೇ ಇದು. ನಿಮ್ಮಜ್ಜಿ ತಲೆಗೆ ಹಚ್ಕೊಂಡಿರ್ತಾಳೆ. ಗುರುವಾರ ಇನ್ಸ್‌ಪೆಕ್ಟರ್ ಬರ್ತಾರೆ. ಗ್ಲೌಸ್ ನೋಡಿದ್ರೆ ಒಳಗೆ ವಿಷ ಇದೆ ಅಂದ್ಕೊಳಲ್ವಾ?"

ನಮ್ಮ ಓನರ್ ನಿಜ ಹೇಳುವುದು ಅಪರೂಪ. ಅವತ್ತು ಹೇಳಿಬಿಟ್ಟರು.

ಜರಗನಹಳ್ಳಿಯ ಈ ಶೀಟಿನ ಶೆಡ್ಡಿನಲ್ಲಿ ನಾವು ಐದು ಜನ ಹೆಂಗಸರು ಬೆಳೆಗೆ ಹೊಡೆಯುವ ಜೈವಿಕ ಕೀಟನಾಶಕವನ್ನು ಬಾಟಲಿಗೆ ತುಂಬುತ್ತೇವೆ. ಬಾಟಲಿಯ ಮೇಲೆ ಎರಡು ಹಸಿರು ಎಲೆ, ಪಕ್ಕದಲ್ಲಿ 'ನೂರಕ್ಕೆ ನೂರು ಬೇವು' ಎಂಬ ಬರಹ. ಡ್ರಮ್ಮಿನಲ್ಲಿ ಬೇವೂ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಬರೀ ಬೇವಿಗೆ ಹುಳ ನಿಧಾನಕ್ಕೆ ಸಾಯುತ್ತದೆ, ರೈತರು ಬಾಟಲಿ ವಾಪಸ್ ತಂದು ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ವಾರಕ್ಕೊಮ್ಮೆ ಟೆಂಪೋದ ಚಿಕ್ಕಬೈರಪ್ಪ ಲೇಬಲ್ ಕಿತ್ತ ನೀಲಿ ಕ್ಯಾನುಗಳನ್ನು ಇಳಿಸಿ ಹೋಗುತ್ತಾನೆ. ಚಿದಾನಂದ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಡ್ರಮ್ಮಿಗೊಂದು ಜಗ್ಗು ಸುರಿಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು 'ಪವರ್'. ಪವರ್ ಬಿದ್ದ ದಿನ ಶೆಡ್ಡಿನಲ್ಲಿ ಒಂದು ನೊಣವೂ ಇರುವುದಿಲ್ಲ. ಅಷ್ಟರಮಟ್ಟಿಗೆ ನಮ್ಮ ಊಟಕ್ಕೆ ಅನುಕೂಲ.

ಊಟಕ್ಕೆ ಕೂತರೆ ಪುಟ್ಟಮಾದಮ್ಮ ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಾಳೆ. ಬಿರಿದ ಬೆರಳಿಗೆ ಸಾರು ತಾಕಿದರೆ ಕಣ್ಣಲ್ಲಿ ನೀರು ಬರುತ್ತದೆ. "ಏನಕ್ಕ, ಫಾರಿನ್ ಸೊಸೆ ಆಗ್ಬುಟ್ಟೆ" ಎಂದು ರೇಗಿಸುತ್ತಿದ್ದೆ. ಹೋದ ತಿಂಗಳು ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಒರೆಸಿ ಒತ್ತಿದರೂ ನೀನು ನೀನಲ್ಲ ಎಂದುಬಿಟ್ಟಿತು. ಬರಿ ಚೀಲ ಹಿಡಿದು ಬಂದಳು. ಆಮೇಲೆ ನಾನು ರೇಗಿಸಲಿಲ್ಲ.

ಬುಧವಾರ ಸಂಜೆ ಗೇಟಿನಾಚೆ ಪುಟ್ಟಮಾದಮ್ಮ ನಮ್ಮನ್ನು ನಿಲ್ಲಿಸಿದಳು.

"ನಾಳೀಕೆ ಎಲ್ರೂ ಗ್ಲೌಸ್ ತನ್ರೇ. ನಾನೊಬ್ಳೆ ಆದ್ರೆ ಬಿಚ್ಚಿಸ್ತಾನೆ ಬೋಳೀಮಗ. ಐದು ಜನದ್ದು ಆ ಇನ್‌ಪೆಟ್ರು ಮುಂದೆ ಹೆಂಗ್ ಬಿಚ್ಚಿಸ್ತಾನೋ ನೋಡನ."

"ಕೆಲ್ಸ ಹೋದ್ರೆ?" ಎಂದೆ.

"ಕೈ ಹೋದ್ಮೇಲೆ ಯಾವ್ ಕೆಲ್ಸ ಮಾಡೀಯೆ?"

ಕೃಷಿ ಇಲಾಖೆಯ ಇನ್ಸ್‌ಪೆಕ್ಟರ್ ಅನಂತಪದ್ಮನಾಭ ಮೆತ್ತಗಿನ ಮನುಷ್ಯ. ಕಾಫಿ ಕುಡಿದು, ಆಫೀಸಿನ ಬೀರುವಿನಿಂದ ತೆಗೆದುಕೊಟ್ಟ ಬಾಟಲಿಗೆ ಸೀಲು ಹಾಕಿ, ಲ್ಯಾಬಿಗೆ ಕಳಿಸುತ್ತಿದ್ದರು. ಬೀರುವಿನಲ್ಲಿ ಇರುವುದು ಅಪ್ಪಟ ಬೇವಿನೆಣ್ಣೆ, ಆದ್ದರಿಂದ ಪ್ರತಿ ಸಲವೂ ನಾವು ಪಾಸು. ಈ ಸಲ ಅವರು ಬೀರುವಿನ ಕಡೆ ಕೈ ಚಾಚುವ ಹೊತ್ತಿಗೆ ನಾವು ಐದೂ ಜನ ಬಾಗಿಲಲ್ಲಿ ನಿಂತಿದ್ದೆವು. ಹತ್ತು ಕೈಗೂ ಗ್ಲೌಸು.

"ಏನ್ರೀ ಚಿದಾನಂದ್, ಬೇವಿನೆಣ್ಣೆಗೆ ಗ್ಲೌಸಾ?"

"ಹೈಜೀನ್ ಸಾರ್. ನಾನೇ ಕೊಡ್ಸಿದ್ದು," ಎಂದರು ಚಿದಾನಂದ್. ನನಗೆ ನಗು ತಡೆಯಲಾಗಲಿಲ್ಲ.

ಪುಟ್ಟಮಾದಮ್ಮ ನಗಲಿಲ್ಲ. ಡ್ರಮ್ಮಿನಿಂದ ತುಂಬಿ ತಂದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳವಿಲ್ಲದೆ ಅದು ತುಳುಕುತ್ತಿತ್ತು.

"ಇದನ್ನ ತಗಂಡೋಗಿ ಸಾರ್. ಬೀರೂಲಿರೋದು ನಿಮ್ಗೆ. ರೈತ್ರಿಗೆ ಹೋಗೋದು ಇದು."

"ಈ ಮುದುಕಿಗೆ ತಲೆ ಕೆಟ್ಟಿದೆ ಸಾರ್," ಎಂದರು ಚಿದಾನಂದ್. "ಎರಡೂ ಒಂದೇ. ಮುಟ್ಟಿ ನೋಡಿ, ಏನೂ ಆಗಲ್ಲ."

ಅವಳು ಎರಡೂ ಗ್ಲೌಸ್ ಬಿಚ್ಚಿ ಇನ್ಸ್‌ಪೆಕ್ಟರ್ ಮುಂದಿಟ್ಟಳು. ಅವರು ಗ್ಲೌಸ್ ನೋಡಲಿಲ್ಲ, ಅವಳ ಬೆರಳುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವಳು ಬಾಟಲಿಯನ್ನು ಬರಿಗೈಯಲ್ಲಿ ಎತ್ತಿ ಮುಂದೆ ಚಾಚಿದಳು.

"ಏನೂ ಆಗಲ್ಲ ಅಂದ್ರೆ ನೀವೇ ಇಸ್ಕೊಳ್ಳಿ ಚಿದಾನಂದ್," ಎಂದರು ಇನ್ಸ್‌ಪೆಕ್ಟರ್.

ಚಿದಾನಂದ್ ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಇನ್ಸ್‌ಪೆಕ್ಟರ್ ಕೈ ಕಟ್ಟಿಕೊಂಡೇ ನಿಂತಿದ್ದರು. ಬಾಟಲಿಯಿಂದ ತುಳುಕಿದ್ದು ಪುಟ್ಟಮಾದಮ್ಮನ ಬೆರಳ ಸಂದಿಯಿಂದ ಮೊಣಕೈಗೆ ಇಳಿಯುತ್ತಿತ್ತು. ಅವಳು ಕೈ ಇಳಿಸಲಿಲ್ಲ.

"ಯಾರಾದ್ರೂ ಒಬ್ರು ತಗಳ್ರಪ್ಪ," ಎಂದಳು, "ಉರೀತದೆ."