ಗೆಲ್ಲುವವರೆಗೆ ಒಪ್ಪತ್ತು

ನಾನು ಇಂದ್ರಾಬಾಯಿ, ಗುಡೂರಿನ ದವಾಖಾನೆಯ ನರ್ಸ್. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಆಡುವ ಹುಡುಗರನ್ನು ಉಪವಾಸ ಕೆಡವುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಪ್ಪತ್ತೊಂಬತ್ತರ ಚಳಿಗಾಲ. ಒಂದು ಸಂಜೆ ತಿಮ್ಮಣ್ಣನನ್ನು ಗೆಳೆಯರು ಹೊತ್ತು ತಂದರು. ಇಳಕಲ್ಲಿನಲ್ಲಿ ಕಾಲೇಜು ಓದುವ ಹುಡುಗ, ಕಾಲೇಜಿನ ಕಬಡ್ಡಿ ತಂಡದ ಜೀವಾಳ. ಪಂದ್ಯಾವಳಿಯ ಫೈನಲ್ ಹತ್ತಿರ ಬಂದಿತ್ತು. ಊರ ಬಯಲಿನಲ್ಲಿ ಅಭ್ಯಾಸ ಮಾಡುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಡಾಕ್ಟರು ನೋಡಿ, ಹಸಿವು ಬಿಟ್ಟರೆ ಬೇರೆ ರೋಗವಿಲ್ಲ, ಆದರೆ ಹೀಗೇ ಫೈನಲ್ ಆಡಿದರೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾನೆ ಎಂದರು. ಅಷ್ಟರಲ್ಲಿ ಅವನ ತಾಯಿ ತಾಯವ್ವ, ತಂದೆ ಗಾಳೆಪ್ಪ ಓಡಿ ಬಂದರು.

"ಇವತ್ತ ಏನ್ ಉಂಡಾನ ತಾಯವ್ವ?" ಎಂದೆ.

"ಮುಂಜಾನೆ ಒಂದ್ ಕಪ್ ಚಹಾ ರೀ ಬಾಯಾರ. ಉಣ್ಣೂದು ರಾತ್ರಿ ಅಷ್ಟ. ಆಟ ಗೆದ್ದ ಬರೂತನಕ ಮಗಾ ಒಪ್ಪತ್ತ ಇರ್ತಾನಂತ ಹಣಮಪ್ಪಗ ಬೇಡ್ಕೊಂಡೇನಿ."

ಸಿಟ್ಟು ನೆತ್ತಿಗೇರಿತು. "ಬೇಡ್ಕೊಂಡಾಕಿ ನೀ, ಹಸದಿರಾಂವ ಅವ! ಹಸದ ಆಡಂತ ಹಣಮಪ್ಪ ನಿನ್ನ ಕನಸಿನ್ಯಾಗ ಬಂದ ಹೇಳ್ಯಾನೇನ?"

ಗಾಳೆಪ್ಪ ನಡುವೆ ಬಾಯಿ ಹಾಕಿದ. "ಹೊಟ್ಟಿ ಹಗರ ಇದ್ರ ಕಾಲ ಜೋರ ಓಡ್ತಾವ ಬಾಯಾರ."

"ಹಂಗಾರ ನಾಳೆ ಎತ್ತಿಗೆ ಮೇವ ಹಾಕಬ್ಯಾಡ್ರಿ. ಹಗರ ಹೊಟ್ಟಿಲೆ ಹೊಲದಾಗ ಕುಂಟಿ ಎಳೀಲಿ!"

"ಎತ್ತ ಸಾಯ್ತಾವಲ್ರಿ."

"ಎತ್ತಿನ ಮ್ಯಾಲ ಇರೂ ಕಾಳಜಿ ಮಗನ ಮ್ಯಾಲ ಇಲ್ಲೇನ್ರಿ? ನಿಮ್ಮನಿ ಎಮ್ಮಿ ಹಾಲ ಎಲ್ಲಿ ಹೋಗ್ತೈತಿ?"

"ಹೋಟೆಲ್‌ಗ ರೀ."

"ಹಾಲ ಹೋಟೆಲ್‌ಗ, ಬರೇ ಚಹಾ ಮಗಗ!"

ತಾಯವ್ವ ಕಣ್ಣೊರೆಸಿಕೊಂಡಳು. "ಬೇಡ್ಕೊಂಡದ್ದು ಬಿಟ್ರ ದೇವರು ಸಿಟ್ಟಾಗ್ತಾನಲ್ರಿ. ಅದರ ಬದ್ಲಿ, ಗೆದ್ರ ಇಡೀ ತಂಡಕ್ಕ ಊಟಾ ಹಾಕ್ತೇನಂತ ಬ್ಯಾರೆ ಬೇಡ್ಕೊಳ್ಲೇನ್ರಿ?"

"ಗೆದ್ದ ಮ್ಯಾಲ ಯಾಕ? ಆಡೂಕಿಂತ ಮದ್ಲ ಹಾಕು! ನಿಮ್ಮನ್ಯಾಗ ಇದ್ದದ್ದ ಸಾಕು. ರೊಟ್ಟಿ, ಹೆಸರಕಾಳ ಪಲ್ಯೆ, ಮೊಸರ. ಆಟಕ್ಕ ಎರಡ್ ಮೂರ್ ತಾಸ ಮದ್ಲ ಊಟ ಮುಗೀಲಿ. ನಡುವ ಹಸಿವಾದ್ರ ಬಾಳಿಹಣ್ಣ. ನೀರ ಕುಡೀತಿರ್ಬೇಕ. ಆಟ ಮುಗದ ಮ್ಯಾಲ ಶೇಂಗಾ, ಬೆಲ್ಲ, ಹಾಲ, ಆಮ್ಯಾಲ ಮತ್ತ ಊಟ."

ಅಂದಿನಿಂದ ತಾಯವ್ವ ಮಗನಿಗೆ ಹೊತ್ತು ಹೊತ್ತಿಗೆ ಊಟ ಹಾಕಿದಳು. ಫೈನಲ್ ದಿನ ಇಡೀ ತಂಡವನ್ನು ಕರೆದು ಉಣ್ಣಿಸಿದಳು. ಹುಡುಗರು ಕೊನೆಯವರೆಗೂ ಜೋರಾಗಿಯೇ ಆಡಿದರು. ಆದರೆ ಒಂದೇ ಅಂಕದಿಂದ ಸೋತರು.

ಸೋತ ಸುದ್ದಿ ಕೇಳಿ ನಾನು ಸೀದಾ ಅವರ ಮನೆಗೆ ಹೋದೆ. ಮತ್ತೆ ಒಪ್ಪತ್ತು ಶುರು ಮಾಡಿದ್ದರೆ ಇಬ್ಬರನ್ನೂ ಬೈಯಬೇಕೆಂದೇ ಹೋಗಿದ್ದೆ. ತಿಮ್ಮಣ್ಣ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ.

"ನಾ ಉಣ್ಣಾಂಗಿಲ್ಲಬೇ ಯವ್ವಾ. ಗೆದ್ದಿಲ್ಲಲ್ಲ."

ತಾಯವ್ವ ತಾಟನ್ನು ಅವನ ಮುಂದೆ ಕುಕ್ಕಿದಳು. "ಗೆದ್ರ ಅಷ್ಟ ಉಣ್ಣಾಕ ನೀ ಏನ್ ಈ ಮನಿ ಆಳೇನ? ನನ್ನ ಮಗಾ ಅದಿ. ಉಣ್ಣು!"

ನಾನು ಬೈಯಲು ಏನೂ ಉಳಿದಿರಲಿಲ್ಲ.

ತಾಯಂದಿರೇ, ತಂದೆಯರೇ, ನಿಮ್ಮ ಮಗನೋ ಮಗಳೋ ಕಾಲೇಜಿನ ತಂಡದಲ್ಲಿ ಆಡುತ್ತಿದ್ದಾರೆಯೇ? ಗೆದ್ದೆಯಾ ಎಂದು ಆಮೇಲೆ ಕೇಳಿ. ಉಂಡೆಯಾ ಎಂದು ಮೊದಲು ಕೇಳಿ. ದೇವರಿಗೆ ಕಾಯಿ ಒಡೆಯಿರಿ, ಬೇಡ ಎಂದವರು ಯಾರು? ಮಕ್ಕಳ ಹೊಟ್ಟೆಯನ್ನು ಮಾತ್ರ ಹರಕೆಗೆ ಒಪ್ಪಿಸಬೇಡಿ.