ಹಸಿ ಹಾಲಿನ ಪರೀಕ್ಷೆ

ಹಾಲಿಗೆ ನೀರು ಬೆರೆತಿದೆಯೇ ಇಲ್ಲವೇ ಎಂಬುದು ಮನುಕುಲದ ಮುಂದಿರುವ ಅತಿ ಗಂಭೀರ ಪ್ರಶ್ನೆ. ಚಹಾ ಅಂಗಡಿ ನಡೆಸುವ ನಮ್ಮ ಚಿಕ್ಕಪ್ಪ ಅದಕ್ಕೆ ಇಪ್ಪತ್ತೆರಡು ವರ್ಷ ಮುಡಿಪಾಗಿಟ್ಟಿದ್ದರು. ಬೆಳಿಗ್ಗೆ ಹಾಲಿನಾಕೆ ಕ್ಯಾನಿನ ಮುಚ್ಚಳ ತೆಗೆದೊಡನೆ ಅರ್ಧ ಲೋಟ ಹಸಿ ಹಾಲು ಬಗ್ಗಿಸಿಕೊಂಡು, ಬಾಯಲ್ಲಿ ಎರಡು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ನುಂಗುವರು. ಆಮೇಲೆ ತೀರ್ಪು: "ಹೂಂ. ಇವತ್ತು ಕಮ್ಮಿ ಹಾಕಿದ್ದೀಯ."

"ಹಾಕೇ ಇಲ್ಲ ಅಣ್ಣಾ."

"ದಿನಾ ಇದನ್ನೇ ಹೇಳ್ತೀಯ. ಅದಕ್ಕೇ ಅನುಮಾನ."

ಹಾಲಿನಲ್ಲಿ ನೀರೆಷ್ಟಿದೆ ಎಂದು ಅಳೆಯುವ ಗಾಜಿನ ಕಡ್ಡಿಯೊಂದು ಅಂಗಡಿಯಲ್ಲಿತ್ತು. ಅದನ್ನು ಮಾರಿದವನು ಹಾಲಿನಾಕೆಯ ಊರಿನವನೆಂದು ಗೊತ್ತಾದ ದಿನದಿಂದ ಅದು ಚಮಚಗಳ ಡಬ್ಬಿಯಲ್ಲಿ ನಿವೃತ್ತವಾಗಿತ್ತು. ಕಾಯಿಸಿದ ಹಾಲನ್ನೂ ನಂಬುವಂತಿರಲಿಲ್ಲ. ಕಾಯಿಸಿದರೆ ಕಳ್ಳತನ ಆವಿಯಾಗಿಬಿಡುತ್ತದೆ.

ಚಿಕ್ಕಪ್ಪನಿಗೆ ಮೊದಲು ಸಂಜೆ ಸಂಜೆ ಜ್ವರ ಬಂತು. ಆಮೇಲೆ ದಿಂಬು ತೊಯ್ಯುವಷ್ಟು ಬೆವರು. ಆಮೇಲೆ ಸೊಂಟದ ಮೇಲ್ಗಡೆ, ಬೆನ್ನುಮೂಳೆಯಲ್ಲೇ, ಯಾರೋ ಕೂತು ಮೊಳೆ ಹೊಡೆಯುವಂಥ ನೋವು. ಒಲೆ ಮುಂದೆ ಹತ್ತು ನಿಮಿಷ ನಿಲ್ಲಲಾರರು. ಚಿಕ್ಕಪ್ಪ ಮೊದಲು ಶಂಕಿಸಿದ್ದು ಹಾಸಿಗೆಯನ್ನು, ಏಕೆಂದರೆ ಅದನ್ನು ಹೊಲಿದುಕೊಟ್ಟವನು ಚಿಕ್ಕಮ್ಮನ ತಮ್ಮ.

"ನಿನ್ನ ತಮ್ಮ ಒಳಗೆ ಏನು ತುಂಬಿದ್ದಾನೋ!"

"ಹತ್ತಿ. ಇನ್ನೇನು ತುಂಬ್ತಾನೆ, ಹಾವಾ?"

ಕತ್ತರಿ ತಂದು ಸೀಳಿ ನೋಡಿದರು. ಹತ್ತಿಯೇ ಇತ್ತು. ಎಲ್ಲ ಇಷ್ಟು ಸರಿಯಾಗಿರುವುದು ಅವರಿಗೆ ಸರಿಕಾಣಲಿಲ್ಲ.

ಎರಡು ತಿಂಗಳಾಗಿ ಎಡಗಾಲು ಜೋಮು ಹಿಡಿಯತೊಡಗಿದಾಗ ಚಿಕ್ಕಮ್ಮ ಅವರನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದರು. ಡಾಕ್ಟರಮ್ಮ ರಕ್ತದ ವರದಿ, ಸ್ಕ್ಯಾನು ಎಲ್ಲ ನೋಡಿ, "ಹಸಿ ಹಾಲು ಕುಡೀತೀರಾ?" ಎಂದರು.

"ಕುಡಿಯಲ್ಲ. ಪರೀಕ್ಷೆ ಮಾಡ್ತೀನಿ."

"ಹಸುಗಳಿಗೆ ಕಂದು ಹಾಕೋ ರೋಗ, ಅಂದ್ರೆ ಗಬ್ಬ ಇಳಿದುಹೋಗೋ ರೋಗ ಅಂತ ಇದೆ. ಅದರ ರೋಗಾಣು ಹಾಲಿನ ಜೊತೆ ಬಂದು ನಿಮ್ಮ ಬೆನ್ನುಮೂಳೆ ಸೇರಿದೆ. ಎರಡು ಮಣಿ ಸವೆದಿವೆ."

"ನಾನೇನು ಗಬ್ಬದ ಹಸುವಾ ಡಾಕ್ಟ್ರೇ?"

"ಇಂಜೆಕ್ಷನ್ ತಗೋಬೇಕು, ಮೂರು ತಿಂಗಳು ಮಾತ್ರೆ ನುಂಗಬೇಕು. ತಡ ಮಾಡಿದ್ರೆ ಕಾಲು ಹೋಗುತ್ತೆ."

ಚಿಕ್ಕಪ್ಪ ದನಿ ತಗ್ಗಿಸಿದರು. "ಊರೆಲ್ಲ ಅದೇ ಹಾಲಿನ ಚಹಾ ಕುಡಿಯುತ್ತೆ. ನನಗೊಬ್ಬನಿಗೇ ಯಾಕೆ ಬಂತು?"

"ಅವರು ಕುದಿಸಿದ್ದು ಕುಡೀತಾರೆ."

ಉತ್ತರ ತೀರಾ ಬೇಗ ಬಂತು, ಬಾಯಿಪಾಠ ಮಾಡಿಟ್ಟಂತಿತ್ತು. ಮನೆ ಮುಟ್ಟುವಷ್ಟರಲ್ಲಿ ಚಿಕ್ಕಪ್ಪನಿಗೆ ಎಲ್ಲ ಹೊಳೆಯಿತು: ತಾವು ರುಚಿ ನೋಡುವುದನ್ನು ತಪ್ಪಿಸಲು ಹಾಲಿನಾಕೆ ಡಾಕ್ಟರಮ್ಮನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ. ಔಷಧಿ ಚೀಟಿ ಮಡಚಿ ಜೇಬಿಗಿಟ್ಟರು.

"ಮೊದಲು ಆ ಹಾಲು ಪರೀಕ್ಷೆಗೆ ಹೋಗಲಿ. ನೀರಿದೆಯೋ ಇಲ್ಲವೋ ಬರೆದುಕೊಡಲಿ. ಅಲ್ಲೀವರೆಗೂ ಒಂದು ಮಾತ್ರೇನೂ ಮುಟ್ಟಲ್ಲ."

"ಅಷ್ಟರಲ್ಲಿ ಕಾಲು ಹೋದ್ರೆ?" ಎಂದರು ಚಿಕ್ಕಮ್ಮ.

"ಹೋಗಲಿ. ಆ ಹೆಂಗಸು ಗೆಲ್ಲಬಾರದು."

ಮರುದಿನ ಹಾಲಿನಾಕೆ ತಾನೇ ಸೀಸೆ ತುಂಬಿಕೊಟ್ಟಳು. "ಅಣ್ಣಾ, ನನ್ನ ಕೆಂದ ಹಸು ಏಳನೇ ತಿಂಗಳಿಗೇ ಕಂದು ಹಾಕ್ತು ಅಂತ ಆವಾಗ್ಲೇ ಹೇಳಿದ್ನಲ್ಲ."

"ಯಾವಾಗ?"

"ನೀವು ಕಣ್ಣು ಮುಚ್ಚಿಕೊಂಡು ಮುಕ್ಕಳಿಸ್ತಿದ್ರಿ."

ಚಿಕ್ಕಪ್ಪ ಸೀಸೆಯ ಬಿರಡೆಯ ಮೇಲೆ ಕಾಗದ ಅಂಟಿಸಿ, ಸಹಿ ಹಾಕಿ, ಅದನ್ನು ಪ್ರಯೋಗಾಲಯಕ್ಕೆ ಒಯ್ಯಲು ಹೆಂಡತಿಯನ್ನೇ ಕಳಿಸಿದರು. ಆಕೆ ತಿರುವು ದಾಟುವ ತನಕ ಕಿಟಕಿಯಿಂದ ನೋಡುತ್ತಲೇ ಇದ್ದರು.

ವರದಿ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅವರು ಬಚ್ಚಲಿಗೂ ಗೋಡೆ ಹಿಡಿದೇ ಹೋಗುವಂತಾಗಿತ್ತು. ವರದಿಯನ್ನು ಎರಡು ಸಲ ಓದಿದರು. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಜೇಬಿನ ಚೀಟಿ ಕೊಟ್ಟು ಔಷಧಿ ತರಿಸಿ, ಒಂದು ಲೋಟ ನೀರು ಕೇಳಿ ಮೊದಲ ಮಾತ್ರೆ ನುಂಗಿದರು.

ಮೂಳೆ ವಾಸಿಯಾಯಿತು. ಎಡಗಾಲನ್ನು ಈಗಲೂ ಎಳೆದುಕೊಂಡೇ ನಡೆಯುತ್ತಾರೆ. ಹಾಲಿನಲ್ಲಿ ರೋಗಾಣು ಇತ್ತು, ನೀರಿರಲಿಲ್ಲ.