ಬುಲ್ವೆಗೆ ಇಟ್ಟ ಮೀನು

ಸ್ಪೆಸಿಯೋಜಾ ಟೀಚರ್ ಬುಲ್ವೆ ಹಕ್ಕಿ ನೋಡಲು ಬಂದದ್ದು ಅದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ದೋಣಿಯವ ಮುಬಿರು ಅವರನ್ನು ದೋಣಿಯಲ್ಲಿ ಕೂರಿಸಿ ಜೌಗಿನ ಮೂಲೆಮೂಲೆ ಸುತ್ತಿಸಿದ್ದ. ಎದೆಯೆತ್ತರದ ಬೂದು ಹಕ್ಕಿ ಅದು, ಮುಖದ ತುಂಬ ಮರದ ಪಾದುಕೆಯಂಥ ಕೊಕ್ಕು. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದವರಿಗೆಲ್ಲ ಕಂಡಿತ್ತು, ಕಂಪಾಲಾದಿಂದ ವ್ಯಾನಿನಲ್ಲಿ ಇಕ್ಕಟ್ಟಾಗಿ ಕೂತು ಬರುವ ಟೀಚರಿಗೆ ಮಾತ್ರ ಕಂಡಿರಲಿಲ್ಲ.

ಹಾಗಂತ ಅವರು ಮುಖ ಸಪ್ಪಗೆ ಮಾಡಿದವರಲ್ಲ. ನೈದಿಲೆ ಎಲೆಯ ಮೇಲೆ ಉದ್ದುದ್ದ ಬೆರಳಿನ ಹಕ್ಕಿ ನಡೆದು ಹೋದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಹೆಬ್ಬೆರಳಿನಷ್ಟು ನೀಲಿ ಮಿಂಚುಳ್ಳಿ ಜೊಂಡಿನ ತುದಿಯಲ್ಲಿ ಕೂತರೆ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತುತ್ತಿದ್ದರು. ಹದಿನಾರು ವರ್ಷ ದೋಣಿ ನಡೆಸಿ ಮುಬಿರುವಿಗೆ ಮಾಸಿಹೋಗಿದ್ದ ಜೌಗು, ಅವರು ಬಂದ ದಿನ ಮಾತ್ರ ಹೊಸದಾಗಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

ಮೂರನೇ ಸಲ ಬಂದಾಗ ಟೀಚರ್ ಹೇಳಿದ್ದರು: "ಕಣ್ಣಿನ ಅಂಚೆಲ್ಲ ಕತ್ತಲಾಗ್ತಾ ಬರ್ತಿದೆ ಮುಬಿರು. ಹೋದ ದೃಷ್ಟಿ ವಾಪಸ್ ಬರಲ್ಲವಂತೆ. ಮುಂದಿನ ಮಳೆಗಾಲಕ್ಕೆ ಎಷ್ಟು ಉಳಿದಿರುತ್ತೋ."

"ಅಷ್ಟರೊಳಗೆ ತೋರಿಸ್ತೀನಿ ಟೀಚರ್. ನನ್ನ ಮಾತು" ಎಂದಿದ್ದ ಅವನು.

ಆ ಮಾತು ಅವನನ್ನು ಬಿಡಲಿಲ್ಲ. ನಾಲ್ಕನೇ ಸಲ ಅವರು ಬರುವ ದಿನ ನಸುಕಿಗೇ ಅವನು ಒಂದು ಜೀವಂತ ಮಾಂಬ ಮೀನನ್ನು ಗೋಣಿಯಲ್ಲಿ ಸುತ್ತಿ ಒಯ್ದ. ಹಾವಿನಂಥ ಆ ಮೀನೆಂದರೆ ಬುಲ್ವೆಗೆ ಪ್ರಾಣ. ಮುಬಿರುವಿನ ಕುಲಕ್ಕೋ ಅದೇ ಕುಲಚಿಹ್ನೆ. ಅವನ ಮನೆಯಲ್ಲಿ ಯಾರೂ ಅದನ್ನು ತಿಂದವರಲ್ಲ, ಮುಟ್ಟಿದವರಲ್ಲ. ಮುಖ ಆಚೆ ತಿರುಗಿಸಿಕೊಂಡು ಅದರ ಬಾಲಕ್ಕೆ ನೈಲಾನ್ ದಾರ ಬಿಗಿದ, ಕಾಲುವೆಯ ಬಾಯಲ್ಲಿ ಗೂಟ ನೆಟ್ಟು ಕಟ್ಟಿದ.

ಬೆಳಕಾದ ಮೇಲೆ ಟೀಚರನ್ನು ದೋಣಿಯಲ್ಲಿ ಅಲ್ಲಿಗೇ ಕರೆತಂದ. ಬುಲ್ವೆ ಬಂತು. ದೋಣಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಕಲ್ಲಿನಲ್ಲಿ ಕಡೆದಿಟ್ಟ ಹಾಗೆ ಬಹಳ ಹೊತ್ತು ನಿಂತಿತು. ಟೀಚರ ಕ್ಯಾಮೆರಾ ಕಿಟಿಕಿಟಿ ಅನ್ನುತ್ತಲೇ ಇತ್ತು, ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ಒಮ್ಮೆಲೇ ಹಕ್ಕಿ ಇಡೀ ಮೈಯನ್ನು ನೀರಿಗೆ ಎಸೆಯಿತು. ಮೀನು, ಕಳೆ, ಕೆಸರು ಎಲ್ಲ ಕೊಕ್ಕಿನೊಳಗೆ. ಗೂಟ ಲಟಕ್ಕನೆ ಮುರಿಯಿತು. ಹಕ್ಕಿ ಎದ್ದು ಹಾರಿತು.

"ಅದರ ಬಾಯಿಂದ ಏನೋ ಹೊಳೀತಲ್ಲ?"

"ನೀರು ಟೀಚರ್. ನೀರಿನ ಹನಿ."

ಮಾರನೆಯ ದಿನವೇ ಬೇರೆ ದೋಣಿಯವರು ಸುದ್ದಿ ತಂದರು. ಬುಲ್ವೆಯ ಕೊಕ್ಕಿನಿಂದ ದಾರ ನೇತಾಡುತ್ತಿದೆ, ಕಾಲಿಗೆ ಸುತ್ತಿಕೊಂಡಿದೆ, ಹಕ್ಕಿ ಬೇಟೆಗೇ ಇಳಿಯುತ್ತಿಲ್ಲ. ಎಲ್ಲರ ಕಣ್ಣೂ ಮೀನುಗಾರ ಲುಬೊವಾನ ಮೇಲೆ ಬಿತ್ತು. ಬುಲ್ವೆ ಎದುರಾದರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ಹಿಂದೆಲ್ಲ ಗೊಣಗುತ್ತಿದ್ದವನು ಅವನು. ಅವನ ಬಲೆಗಳನ್ನು ಕಿತ್ತು ದಡದಲ್ಲಿ ರಾಶಿ ಹಾಕಿದರು.

"ನನ್ನ ಮಕ್ಕಳಾಣೆ, ನಾನು ಆ ಕಡೆ ಹೋಗೇ ಇಲ್ಲ ಕಣ್ರೋ!" ಲುಬೊವಾ ಒಬ್ಬೊಬ್ಬರ ಮುಖವನ್ನೂ ನೋಡಿದ. "ಮುಬಿರಣ್ಣ, ನೀನಾದ್ರೂ ಹೇಳು. ನೀನು ನಿನ್ನೆ ನಸುಕಲ್ಲೇ ನೀರಿಗಿಳಿದಿದ್ದೆಯಲ್ಲ, ನನ್ನ ಕಂಡಿದ್ದೆಯಾ?"

ಮುಬಿರು "ಕಾಣಲಿಲ್ಲ" ಎಂದ. ಅದು ನಿಜವೇ ಆಗಿತ್ತು. ಆದರೆ ಅವನು ನೆಲ ನೋಡುತ್ತ ಹೇಳಿದ ರೀತಿಗೆ ಯಾರೂ ಅದನ್ನು ಲುಬೊವಾನ ಪರವಾದ ಮಾತೆಂದು ತಿಳಿಯಲಿಲ್ಲ. ಅಂದು ಅವನು ಬಾಳೆಕಾಯಿ ಬೇಯಿಸಿದ ಮಾತೊಕೆಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ. ಹಸಿದು ನಿಂತ ಹಕ್ಕಿ ಕಣ್ಣ ಮುಂದೆಯೇ ಇತ್ತು.

ಎರಡು ದಿನ ಹೀಗೆ ಕಳೆದು, ಮೂರನೆಯ ದಿನ ಬೆಳಗ್ಗೆ ಅವನು ದೋಣಿಯವರ ಸಂಘದ ಯಜಮಾನಿ ನಾಲೊಂಗೊ ತೆಯೊಪಿಸ್ತಳ ಅಂಗಳಕ್ಕೆ ಹೋಗಿ ಮಂಡಿಯೂರಿದ. ಅವಳಿ ಹೆತ್ತವಳೆಂದು ಊರೆಲ್ಲ ಅವಳನ್ನು ನಾಲೊಂಗೊ ಎಂದೇ ಕರೆಯುತ್ತದೆ.

"ಏಳೋ ಮಾರಾಯ, ಗಂಡಸು ಮಂಡಿಯೂರೋದು ಹೆಣ್ಣು ಕೇಳೋಕೆ ಬಂದಾಗ. ನನಗೆ ಒಬ್ಬ ಗಂಡನೇ ಸಾಕಾಗಿದ್ದಾನೆ."

"ದಾರ ನಂದು ನಾಲೊಂಗೊ."

ಅವಳ ನಗು ನಿಂತಿತು. ಪೂರ್ತಿ ಕೇಳಿಸಿಕೊಂಡಳು. "ಲುಬೊವಾನ ಬಲೆ ಕೀಳುವಾಗ ನೀನು ಅಲ್ಲೇ ಇದ್ದೆಯಲ್ಲೋ" ಎಂದಳು. "ಬೈಯೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಮೊದಲು ಹಕ್ಕಿ ಹುಡುಕು, ನಡಿ."

ಎಂಟೆಬ್ಬೆಯಿಂದ ಪ್ರಾಣಿಗಳ ಡಾಕ್ಟರು ಬಂದರು. ಬುಲ್ವೆ ತೇಲುವ ಹುಲ್ಲಿನ ನಡುವೆ ರೆಕ್ಕೆ ಜೋತು ಬಿಟ್ಟು ನಿಂತಿತ್ತು, ಹಾರುವ ಕಸುವಿರಲಿಲ್ಲ. ಮುಬಿರು ಎದೆಮಟ್ಟದ ಕೆಸರಿಗಿಳಿದು ಅದನ್ನು ತಬ್ಬಿ ಹಿಡಿದ. ಕೊಕ್ಕು ಅವನ ಮುಂಗೈಯನ್ನು ಮೂಳೆಯವರೆಗೆ ಸೀಳಿತು, ಅವನು ಬಿಡಲಿಲ್ಲ. ಅಷ್ಟು ದೊಡ್ಡ ಹಕ್ಕಿ ತೋಳಿನಲ್ಲಿ ಎಷ್ಟು ಹಗುರವಾಗಿತ್ತು ಎಂಬುದೇ ಅವನನ್ನು ಗಾಯಕ್ಕಿಂತ ಹೆಚ್ಚು ನೋಯಿಸಿತು.

ಹಕ್ಕಿ ಉಳಿಯಿತು. ದಾರ ಬಿಗಿದು ಕೊಳೆತ ಅದರ ಒಂದು ಕಾಲ್ಬೆರಳನ್ನು ಕತ್ತರಿಸಬೇಕಾಯಿತು. ಹನ್ನೊಂದು ದಿನ ಸಾಕಿ ಅದನ್ನು ಜೌಗಿಗೆ ಬಿಟ್ಟರು. ಮುಬಿರು ಒಂದು ವರ್ಷ ಜನರನ್ನು ದೋಣಿ ಹತ್ತಿಸಬಾರದೆಂದು ಸಂಘ ತೀರ್ಮಾನಿಸಿತು. ಅವನು ಹೋಗಿ ಲುಬೊವಾನ ಹರಿದ ಬಲೆಗಳನ್ನು ಕೂತು ಹೆಣೆದುಕೊಟ್ಟ. ಲುಬೊವಾ ಬೇಡ ಅನ್ನದೆ ಬಲೆ ಎತ್ತಿಕೊಂಡು ಮನೆಯೊಳಗೆ ಹೋದ.

ಉಳಿದದ್ದು ಟೀಚರ್. ಮುಂದಿನ ತಿಂಗಳು ಅವರು ಬುಲ್ವೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಅವನಿಗೆಂದೇ ಚೌಕಟ್ಟು ಹಾಕಿಸಿ ತಂದರು. ದಡದ ಬೆಂಚಿನ ಮೇಲೆ ಕೂತು ಮುಬಿರು ಎಲ್ಲವನ್ನೂ ಹೇಳಿದ.

ಟೀಚರ್ ಚಿತ್ರವನ್ನು ಮುಖಕ್ಕೆ ಹತ್ತಿರ ಹಿಡಿದು, ವಾರೆಯಾಗಿ ತಿರುಗಿಸಿ, ನೀರಿನಲ್ಲಿ ದಾರ ಹುಡುಕಿದರು. ಕಂಡಿತೋ ಇಲ್ಲವೋ ಹೇಳಲಿಲ್ಲ.

"ಮನೇಲೂ ಇದೇ ಚಿತ್ರ ಇದೆ, ದಿನಾ ಬೆಳಗ್ಗೆ ಎದ್ದು ನೋಡ್ತಿದ್ದೆ ಕಣೋ" ಎಂದರು ಕೊನೆಗೆ. "ಈಗ ಹೇಳಿದ್ದು ನನಗೋಸ್ಕರವಾ, ನಿನಗೋಸ್ಕರವಾ?"

"ಗೊತ್ತಿಲ್ಲ ಟೀಚರ್."

"ನನಗೂ ಗೊತ್ತಿಲ್ಲ. ನೀನು ಸುಳ್ಳನ್ನೇ ಇಟ್ಕೊಂಡು ಕೂತಿರಬೇಕಿತ್ತು ಅಂತಲೂ ಅನ್ನಲಾರೆ." ಚಿತ್ರವನ್ನು ಬೋರಲಾಗಿ ತೊಡೆಯ ಮೇಲಿಟ್ಟುಕೊಂಡರು. "ಇನ್ನೊಂದು ತೆಗೆಯೋ ಕಣ್ಣು ನನಗಿಲ್ಲ."

ವ್ಯಾನು ಹಾರ್ನ್ ಹೊಡೆಯಿತು. ಮುಬಿರು ಜೊತೆಗೆ ನಡೆದ, ಮುಟ್ಟುವ ಧೈರ್ಯವಾಗಲಿಲ್ಲ. ವ್ಯಾನಿನ ಮೆಟ್ಟಿಲ ಹತ್ತಿರ ಅವರ ಕಾಲು ಗಾಳಿಯಲ್ಲಿ ತಡಕಾಡಿತು. ಆಗ ಅವರೇ ಕೈ ಚಾಚಿ, ಇನ್ನೂ ಬ್ಯಾಂಡೇಜಿದ್ದ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಹತ್ತಿದರು. ನೋವಿಗೆ ಅವನ ಕಣ್ಣು ಮಂಜಾಯಿತು. ಅವನು ಕೈ ಎಳೆದುಕೊಳ್ಳಲಿಲ್ಲ.